ಮಗಳಿಗೂ ನಾನೇ ಕೊಟ್ಟೆನೇ ಎಂದು ಕೇಳಿದ್ದೀಯ

ಕುವೆಂಪುನಗರ, ಮೈಸೂರು
ಭಾನುವಾರ

ಪ್ರೀತಿಯ ಪುಟ್ಟೀ,

ನಿನ್ನ ಪತ್ರ ಗುರುವಾರವೇ ಬಂತು. ಮಂಡ್ಯಕ್ಕೂ ಮೈಸೂರಿಗೂ ಇರುವುದು 45 ಕಿಲೋಮೀಟರ್. ದಿನ ಬಿಟ್ಟು ದಿನ ಫೋನಿನಲ್ಲಿ ಮಾತನಾಡುವವಳು ಕುಳಿತು ಪತ್ರ ಬರೆದಿದ್ದಾಳೆ ಎಂದರೆ ಬಾಯಿಬಿಟ್ಟು ಹೇಳಲಾಗದ್ದೇನೋ ಇದೆ ಎಂದು ಲಕೋಟೆ ಒಡೆಯುವ ಮೊದಲೇ ಅನ್ನಿಸಿತು. ನಾನೂ ಅದಕ್ಕೇ ಫೋನ್ ಮಾಡಲಿಲ್ಲ. ನಿನ್ನ ದನಿ ಕೇಳಿದರೆ ಹೇಳಬೇಕಾದ್ದನ್ನು ನುಂಗಿ, ಏನೂ ಆಗುವುದಿಲ್ಲ ಬಿಡು ಎಂದು ಮುಗಿಸಿಬಿಡುತ್ತೇನೆ. ಆ ಮಾತನ್ನು ನಾನು ಈ ಮನೆಯಲ್ಲಿ ಒಮ್ಮೆ ಹೇಳಿದ್ದೇನೆ. ಇನ್ನೊಮ್ಮೆ ಹೇಳಲಾರೆ.

ಮೂರು ಪುಟದ ಪತ್ರದಲ್ಲಿ ಕೊನೆಯ ಸಾಲಿಗೆ ಮೊದಲಿನದ್ದೆಲ್ಲ ಬ್ಯಾಂಕಿನ ಕೆಲಸ, ಮನೆ ಬಾಡಿಗೆ, ಅಳಿಯಂದಿರ ವರ್ಗಾವಣೆ. ಅವನ್ನೆಲ್ಲ ಆಮೇಲೆ ಮಾತನಾಡೋಣ. ಕೊಲೆಸ್ಟ್ರಾಲ್ ಹೆಚ್ಚಿದೆ ಎಂಬ ನಿನ್ನ ರಕ್ತಪರೀಕ್ಷೆಯ ವರದಿಯನ್ನು ಜೊತೆಗಿಟ್ಟು, ‘ಅತ್ತೆ, ಮಗಳಿಗೂ ನಾನೇ ಕೊಟ್ಟೆನೇ?’ ಎಂದು ಬರೆದು ಸಹಿ ಹಾಕಿದ್ದೀಯಲ್ಲ, ಆ ಸಾಲು ನನ್ನನ್ನು ಮೂರು ರಾತ್ರಿ ಮಲಗಲು ಬಿಡಲಿಲ್ಲ.

ನೀನು ಕಳಿಸಿದ ವರದಿಯನ್ನು ಕರೆಂಟ್ ಬಿಲ್ಲಿನ ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ಬರೆದುಕೊಂಡೆ. ಮೂವತ್ತು ವರ್ಷ ಗಣಿತ ಹೇಳಿಕೊಟ್ಟ ಕೈ, ಲೆಕ್ಕ ಮಾಡದೆ ಏನನ್ನೂ ನಂಬುವುದಿಲ್ಲ. ಒಟ್ಟು ಕೊಲೆಸ್ಟ್ರಾಲ್ 282. ಅದರಲ್ಲಿ ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ 52 ಕಳೆ. ಟ್ರೈಗ್ಲಿಸರೈಡ್ ಎಂಬ ರಕ್ತದ ಇನ್ನೊಂದು ಕೊಬ್ಬು 130 ಇದೆ, ಅದರ ಐದನೇ ಒಂದು ಭಾಗ 26, ಅದನ್ನೂ ಕಳೆ. ಉಳಿಯುವುದು 204. ನಿನ್ನ ವರದಿಯಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ಕೂಡ 204. ಅಂದರೆ ಆ ಸಂಖ್ಯೆಯನ್ನು ನೇರವಾಗಿ ಅಳೆದಿಲ್ಲ, ಹೀಗೆ ಕಳೆದೇ ತೆಗೆದಿದ್ದಾರೆ. 1972ರಿಂದ ಬಳಕೆಯಲ್ಲಿರುವ ಸೂತ್ರ ಇದು. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ಕೆಡುತ್ತದೆ. ನಿನ್ನದು 130, ಆದ್ದರಿಂದ ಲೆಕ್ಕದಲ್ಲಿ ತಪ್ಪು ಹುಡುಕಿ ತಪ್ಪಿಸಿಕೊಳ್ಳುವಂತಿಲ್ಲ. ನಾನು ಹುಡುಕಿದೆ. ಎರಡು ಸಲ.

282 ಎಂಬುದನ್ನು ನೋಡಿ ನೀನು ಹೆದರಿದ್ದೀಯ. ಆ ಒಟ್ಟು ಸಂಖ್ಯೆಯೊಳಗೆ ಒಳ್ಳೆಯದೂ ಸೇರಿರುತ್ತದೆ, ಅದೊಂದನ್ನೇ ನೋಡಿ ಏನನ್ನೂ ತೀರ್ಮಾನಿಸಬಾರದು. ಹೆಂಗಸರಿಗೆ ಎಚ್‌ಡಿಎಲ್ 50ರ ಮೇಲಿದ್ದರೆ ಸಾಕು, ನಿನ್ನದು ಇದೆ. ಟ್ರೈಗ್ಲಿಸರೈಡ್ 150ರೊಳಗೆ ಇರಬೇಕು, ಅದೂ ಇದೆ. ಅದು ಹಿಂದಿನ ದಿನದ ಊಟಕ್ಕೂ ಏರುವಂಥದ್ದು, ಎಲ್‌ಡಿಎಲ್ ಹಾಗಲ್ಲ, ಒಂದು ಹಬ್ಬದೂಟಕ್ಕೆ ಅದು ಅಲುಗುವುದಿಲ್ಲ. ನನ್ನ ಕಣ್ಣು ನಿಂತದ್ದು 204ರ ಮೇಲೆಯೇ. 100ರೊಳಗಿದ್ದರೆ ಉತ್ತಮ, 130 ದಾಟಿದರೆ ಅಂಚು, 160 ದಾಟಿದರೆ ಹೆಚ್ಚು ಎನ್ನುತ್ತಾರೆ. 190 ದಾಟಿದರೆ ವೈದ್ಯರು ಊಟದ ವಿಚಾರ ಬಿಟ್ಟು ಮನೆತನದ ವಿಚಾರ ಕೇಳಲು ಶುರು ಮಾಡುತ್ತಾರೆ. ನಿನ್ನ ವೈದ್ಯರೂ ಕೇಳಿದ್ದಾರೆ, ನೀನು ಅಪ್ಪ ತೀರಿಹೋದ ವಯಸ್ಸು ಹೇಳಿ ಎದ್ದು ಬಂದಿದ್ದೀಯ. ಅಜ್ಜನದ್ದನ್ನೂ ಹೇಳಬೇಕಿತ್ತು. ಆ ದಿನ ನಿನಗೆ ಆಗಿರಲಿಕ್ಕಿಲ್ಲ, ಇರಲಿ.

ಕೊಟ್ಟೆನೇ ಎಂದು ಕೇಳಿದ್ದೀಯಲ್ಲ. ಹತ್ತನೆಯ ತರಗತಿಗೆ ಸಂಭವನೀಯತೆಯ ಪಾಠ ಮಾಡುವಾಗ ನಾನು ಮೇಜಿನ ಮೇಲೆ ನಾಣ್ಯ ಚಿಮ್ಮಿಸುತ್ತಿದ್ದೆ. ಶಿರ ಬೀಳುವುದೋ ಪುಚ್ಛ ಬೀಳುವುದೋ, ಎರಡಕ್ಕೂ ಅರ್ಧರ್ಧ. ಹಿಂದಿನ ಸಲ ಶಿರ ಬಿದ್ದಿತ್ತು ಎಂಬುದನ್ನು ನಾಣ್ಯ ನೆನಪಿಟ್ಟುಕೊಳ್ಳುವುದಿಲ್ಲ ಎಂದು ಮಕ್ಕಳಿಗೆ ಹೇಳುತ್ತಿದ್ದೆ. ನಮ್ಮ ಮನೆಯ ಕೊಲೆಸ್ಟ್ರಾಲ್ ವೈದ್ಯರು ಸಂಶಯಪಟ್ಟಂತೆ ವಂಶದಲ್ಲಿ ಬರುವಂಥದ್ದೇ ಆಗಿದ್ದರೆ ಅದು ಹೋಗುವುದೂ ಹೀಗೆಯೇ. ಇರುವವರ ಪ್ರತಿಯೊಂದು ಮಗುವಿಗೂ ಬರುವ ಸಾಧ್ಯತೆ ಅರ್ಧ, ಬಾರದೆ ಉಳಿಯುವ ಸಾಧ್ಯತೆ ಅರ್ಧ. ನಮ್ಮಪ್ಪನಿಂದ ಅಣ್ಣನಿಗೆ, ಅಂದರೆ ನಿನ್ನಪ್ಪನಿಗೆ ಹೋಯಿತು, ನನಗೆ ಬರಲಿಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದೆವು, ಒಂದೇ ತಟ್ಟೆಯಲ್ಲಿ ಮುದ್ದೆ ಮುರಿದೆವು. ಅಣ್ಣನೇ ನನಗಿಂತ ಸಣ್ಣಗಿದ್ದ.

ಆ ಸಣ್ಣಗಿದ್ದುದೇ ನಮ್ಮೆಲ್ಲರ ಕಣ್ಣು ಕಟ್ಟಿತು. ಸೊಂಟದ ಪಂಚೆ ನಿಲ್ಲದಷ್ಟು ತೆಳ್ಳಗಿನ ಮೈ, ಬೆಳಗಿನಿಂದ ಸಂಜೆಯವರೆಗೆ ಕಬ್ಬಿನ ಗದ್ದೆ. ಅವನಿಗೆ ಕೊಬ್ಬು ಎಂದರೆ ಯಾರು ನಂಬುತ್ತಿದ್ದರು? ಗದ್ದೆ ಮುಗಿಸಿ ನಾಲೆಯ ಮೆಟ್ಟಿಲ ಮೇಲೆ ಕುಳಿತು ಕಾಲು ತೊಳೆಯುತ್ತಿದ್ದನಲ್ಲ, ಆಗ ಅವನ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಕಾಣುತ್ತಿತ್ತು. ನಮಗೆಲ್ಲ ಅಲ್ಲಿ ಹಗ್ಗ ಎಳೆದ ಹಾಗೆ ತೆಳ್ಳಗಿರುತ್ತದೆ. ಅವನಿಗೆ ನನ್ನ ಹೆಬ್ಬೆರಳಿನಷ್ಟು ದಪ್ಪ, ಒತ್ತಿದರೆ ಗಂಟು ಗಂಟು. ಕೆಸರಿನಲ್ಲಿ ನಿಂತು ನಿಂತು ಹಾಗಾಗಿದೆ ಎಂದು ಅಮ್ಮ ಹರಳೆಣ್ಣೆ ತಿಕ್ಕುತ್ತಿದ್ದರು. ನಲವತ್ತಕ್ಕೇ ಕಣ್ಣಿನ ಕರಿಗುಡ್ಡೆಯ ಸುತ್ತ ಬಿಳಿಯ ಬಳೆಯಂಥ ಗೆರೆ ಬಂದಿತ್ತು. ಈಗ ಗೊತ್ತು, ಎರಡೂ ಕೊಲೆಸ್ಟ್ರಾಲೇ, ರಕ್ತದಲ್ಲಿ ಹಿಡಿಸಲಾರದೆ ಅಲ್ಲೆಲ್ಲ ಹೋಗಿ ಕುಳಿತದ್ದು. ಅಷ್ಟು ವರ್ಷ ಅದು ನಮ್ಮ ಕಣ್ಣೆದುರೇ ಇತ್ತು, ನಾವು ಎಣ್ಣೆ ತಿಕ್ಕಿದೆವು.

1997ರಲ್ಲಿ ಅವನು ಒಂದು ಪರೀಕ್ಷೆ ಮಾಡಿಸಿದ್ದ. ವಿಮೆಯವರು ಕೇಳಿದ್ದರು. ಓದಿದವಳು ಎಂದು ಕಾಗದವನ್ನು ನನ್ನ ಬಳಿಗೆ ತಂದ. ಒಟ್ಟು ಕೊಲೆಸ್ಟ್ರಾಲ್ 296 ಎಂದಿತ್ತು, ಪಕ್ಕದಲ್ಲಿ 150ರಿಂದ 250 ಎಂದು ಮಿತಿ ಅಚ್ಚಾಗಿತ್ತು. ಎಲ್‌ಡಿಎಲ್ ಎಂಬ ಸಾಲೇ ಇರಲಿಲ್ಲ. ನಾನು ಏನು ಮಾಡಿದೆ ಗೊತ್ತೇ? 296ರಲ್ಲಿ 250 ಕಳೆದೆ. ‘ಬರೀ 46 ಹೆಚ್ಚಿದೆ, ನಿನ್ನಂಥ ದುಡಿಯುವ ಮೈಗೆ ಏನೂ ಆಗುವುದಿಲ್ಲ’ ಎಂದೆ. ಅವನು ನಕ್ಕು, ಕಾಗದ ಮಡಚಿ, ಒಂದು ಗೋಣಿಯ ಬೆಲ್ಲ ಇಳಿಸಿ ಹೋದ. ಎಷ್ಟು ಮಕ್ಕಳ ಲೆಕ್ಕ ತಿದ್ದಿದ್ದೇನೆ ನಾನು. ಆ ವ್ಯವಕಲನ ಮಾತ್ರ ಇಂದಿಗೂ ಎದೆಯಲ್ಲಿ ಹಾಗೆಯೇ ಇದೆ.

ಅಂದು ಮದ್ದಿರಲಿಲ್ಲವೇ ಎಂದರೆ, ಇತ್ತು. ಅದು ಇನ್ನೂ ಕಷ್ಟದ ವಿಷಯ. ಜಪಾನಿನಲ್ಲಿ ಅಕಿರಾ ಎಂಡೋ ಎಂಬ ವಿಜ್ಞಾನಿ ಸಾವಿರಾರು ಬಗೆಯ ಬೂಷ್ಟುಗಳನ್ನು ಪರೀಕ್ಷಿಸಿ, ಕೊನೆಗೆ ಅಕ್ಕಿಯಲ್ಲಿ ಬೆಳೆದ ಒಂದು ಬೂಷ್ಟಿನಲ್ಲಿ, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಎಂಬ ಮದ್ದುಗಳಲ್ಲಿ ಮೊದಲನೆಯದನ್ನು ಕಂಡುಕೊಂಡರು, 1970ರ ದಶಕದಲ್ಲಿ. ಅದೇ ಜಾತಿಯ ಮಾತ್ರೆಗೆ ಅಮೆರಿಕದಲ್ಲಿ 1987ರಲ್ಲೇ ಅನುಮತಿ ಸಿಕ್ಕಿತ್ತು. ಯಕೃತ್ತಿನ ಜೀವಕೋಶಗಳು ರಕ್ತದಿಂದ ಎಲ್‌ಡಿಎಲ್ ಹಿಡಿದು ಒಳಗೆಳೆದುಕೊಳ್ಳುವ ಬಗೆಯನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಅವರಿಗೆ 1985ರಲ್ಲೇ ನೊಬೆಲ್ ಬಂದಿತ್ತು. ಇಷ್ಟೆಲ್ಲ ಆಗಿ ಹತ್ತು ಹನ್ನೆರಡು ವರ್ಷಗಳ ಮೇಲೆ ನಾನು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು 46 ಹೆಚ್ಚು ಎಂದದ್ದು.

ಊಟದ ಬಗ್ಗೆ ನೀನು ಬರೆದದ್ದನ್ನು ಓದಿ ಸಂಕಟವಾಯಿತು. ಬಸುರಿಯಾಗಿದ್ದಾಗ ತಿಂದ ಬಾಡೂಟವೇ, ಬಾಣಂತನದ ತುಪ್ಪವೇ, ಮಗುವಿಗೆ ದಿನಾ ಕೊಟ್ಟ ಮೊಟ್ಟೆಯೇ ಎಂದು ಒಂದೊಂದನ್ನೇ ಎತ್ತಿ ನಿನ್ನ ತಲೆಗೇ ಹೊಡೆದುಕೊಂಡಿದ್ದೀಯ. ನಮ್ಮ ದೇಹದ ಕೊಲೆಸ್ಟ್ರಾಲಿನ ಹೆಚ್ಚಿನ ಪಾಲು ಬರುವುದು ತಟ್ಟೆಯಿಂದಲ್ಲ, ಯಕೃತ್ತೂ ಉಳಿದ ಜೀವಕೋಶಗಳೂ ತಾವೇ ಮಾಡಿಕೊಳ್ಳುತ್ತವೆ. ಜೀವಕೋಶದ ಪೊರೆಗೆ, ಪಿತ್ತರಸಕ್ಕೆ, ಹಾರ್ಮೋನುಗಳಿಗೆ ಅದು ಬೇಕೇ ಬೇಕು. ಊರಿನ ಗದ್ದೆಯನ್ನೇ ನೆನೆಸಿಕೋ. ಹೆಚ್ಚಾದ ನೀರು ಬಸಿಗಾಲುವೆಗೆ ಹೋಗಲು ಬದುವಿನಲ್ಲಿ ಎರಡು ಬಾಯಿ ಇರುತ್ತದೆ ಎಂದುಕೋ. ಒಂದು ಅಪ್ಪನ ಕಡೆಯದು, ಒಂದು ಅಮ್ಮನ ಕಡೆಯದು. ಒಂದು ಬಾಯಿ ಹುಟ್ಟಿನಿಂದಲೇ ಕಟ್ಟಿಕೊಂಡಿದ್ದರೆ ಎಲ್ಲರ ಗದ್ದೆಗೆ ಬಿಟ್ಟಷ್ಟೇ ನೀರು ಬಿಟ್ಟರೂ ನಮ್ಮ ಗದ್ದೆಯಲ್ಲಿ ನಿಲ್ಲುತ್ತದೆ. ಸುಮಾರು 250 ಜನರಲ್ಲಿ ಒಬ್ಬರ ಗದ್ದೆ ಹೀಗಿರುತ್ತದಂತೆ. ನೀನು ಉಪವಾಸ ಮಾಡಿ ಹೆತ್ತಿದ್ದರೂ ಆ ನಾಣ್ಯ ಬೀಳುವ ಹಾಗೆಯೇ ಬೀಳುತ್ತಿತ್ತು. ಮಾತ್ರೆ ಮಾಡುವುದು ಉಳಿದಿರುವ ಬಾಯಿಯನ್ನು ಅಗಲ ಮಾಡುವ ಕೆಲಸ. ಸರಿಯಾದ ಪ್ರಮಾಣದಲ್ಲಿ ತೆಗೆದುಕೊಂಡರೆ ಎಲ್‌ಡಿಎಲ್ ಅರ್ಧದಷ್ಟು ಇಳಿಯಬಲ್ಲದು.

ಹಾಗೆಂದು ತುಪ್ಪ ಸುರಿದುಕೋ ಎಂದು ನಾನು ಹೇಳುತ್ತಿಲ್ಲ. ಬೆಣ್ಣೆ, ಕೊಬ್ಬರಿ ಎಣ್ಣೆ, ಕೊಬ್ಬಿರುವ ಬಾಡು ಕಡಿಮೆ ಮಾಡಿದರೆ, ಹುರುಳಿ, ಅವರೆ, ಸೊಪ್ಪಿನ ಬಸ್ಸಾರು ಹೆಚ್ಚಿಸಿದರೆ ನೂರಕ್ಕೆ ಹತ್ತು ಹದಿನೈದು ಇಳಿದೀತು. ನಿನ್ನ ಸಂಖ್ಯೆಗೆ ಅಷ್ಟು ಸಾಲದು, ಅದಕ್ಕೇ ಊಟ ಬದಲಿಸಿ ಮೂರು ತಿಂಗಳು ನೋಡುತ್ತೇನೆ ಎಂದು ಬರೆದಿರುವುದನ್ನು ನಾನು ಒಪ್ಪುವುದಿಲ್ಲ. ಎಣ್ಣೆ ಡಬ್ಬದ ಮೇಲೆ ಕೊಲೆಸ್ಟ್ರಾಲ್ ಇಲ್ಲ ಎಂದು ಬರೆದಿರುವುದನ್ನು ನೋಡಿ ದುಬಾರಿಯದ್ದು ತಂದೆಯಂತೆ. ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ, ಯಾವ ಗಿಡದ ಎಣ್ಣೆಯಲ್ಲೂ ಅದು ಇರುವುದಿಲ್ಲ ಮಗಳೇ.

ಈಗ ನಾನು ಬರೆಯಲೇಬೇಕಾದ್ದಕ್ಕೆ ಬರುತ್ತೇನೆ. ಇದಕ್ಕೇ ಮೂರು ದಿನ ಹಿಡಿಯಿತು.

2003ರಲ್ಲಿ, ಎಲ್ಲ ಮುಗಿದ ಮೇಲೆ, ಆಸ್ಪತ್ರೆಯ ಉಳಿದ ಕಾಗದಗಳನ್ನು ತರಲು ಹೋದವಳು ನಾನು. ಅತ್ತಿಗೆ ಬರುವ ಸ್ಥಿತಿಯಲ್ಲಿರಲಿಲ್ಲ. ಅಲ್ಲಿದ್ದ ವೈದ್ಯರು ನನ್ನನ್ನು ಕೂರಿಸಿ, ‘46 ಸಾಯುವ ವಯಸ್ಸಲ್ಲ. ನೀವೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಅವರ ಮಕ್ಕಳನ್ನೂ ಒಮ್ಮೆ ನೋಡಿಸಿ’ ಎಂದರು. ಮರುವಾರ ನಾನು ಮಾಡಿಸಿಕೊಂಡೆ. ಎಲ್‌ಡಿಎಲ್ 112. ಪ್ರಯೋಗಾಲಯದ ಮೆಟ್ಟಿಲ ಮೇಲೆ ಕುಳಿತು ಆ ಸಂಖ್ಯೆಯನ್ನು ನೋಡುತ್ತಾ ಎಷ್ಟು ಹೊತ್ತು ಕಳೆದೆನೋ. ಮೊದಲು ಬಂದದ್ದು ನೆಮ್ಮದಿ. ಅಣ್ಣನ ತಿಥಿಯೂ ಆಗಿರಲಿಲ್ಲ, ನನಗೆ ನೆಮ್ಮದಿಯಾಗಿತ್ತು. ಆ ನಾಚಿಕೆಯಲ್ಲಿ ಚೀಟಿಯನ್ನು ಯಾರಿಗೂ ತೋರಿಸಲಿಲ್ಲ.

ಮಕ್ಕಳನ್ನು ನೋಡಿಸಿ ಎಂದ ಮಾತನ್ನೂ ಹೇಳಲಿಲ್ಲ. ನಿನಗೆ ಹನ್ನೆರಡು, ತಮ್ಮನಿಗೆ ಒಂಬತ್ತು. ಆ ಮನೆಯಲ್ಲಿ ನಿಂತು, ಈ ಮಕ್ಕಳಿಗೂ ಇರಬಹುದು ಎಂದು ಅತ್ತಿಗೆಗೆ ಹೇಗೆ ಹೇಳಲಿ? ಹನ್ನೊಂದನೆಯ ದಿನ ಕಳೆಯಲಿ ಎಂದೆ, ವರ್ಷಾಬ್ದಿಕ ಕಳೆಯಲಿ ಎಂದೆ. ಆಮೇಲೆ ನಿನ್ನ ಎಸ್‌ಎಸ್‌ಎಲ್‌ಸಿ ಬಂತು, ಕಾಲೇಜು ಬಂತು, ಮದುವೆ ಬಂತು. ಹಸೆಮಣೆಯ ಮೇಲೆ ನಿನ್ನನ್ನು ನೋಡುವಾಗಲೂ ನೆನಪಾಯಿತು. ಶುಭಕಾರ್ಯದಲ್ಲಿ ಬೇಡ ಎಂದುಕೊಂಡೆ. ಇಪ್ಪತ್ತಕ್ಕೂ ಹೆಚ್ಚು ವರ್ಷ, ಪುಟ್ಟೀ. ಇದು ರಕ್ತನಾಳಗಳಿಗೆ ಮಾಡುವ ಹಾನಿಯೆಲ್ಲ ವರ್ಷಗಳಲ್ಲಿ, ಒಂದೊಂದು ಪದರವಾಗಿ ನಡೆಯುವಂಥದ್ದು. ಆ ವರ್ಷಗಳನ್ನು ನಿನ್ನಿಂದ ಕಳೆದವಳು ನಾನು. ಮಗಳಿಗೆ ನಾನೇ ಕೊಟ್ಟೆನೇ ಎಂದು ನೀನು ಕೇಳಿದಾಗ ನನಗೆ ಕೇಳಿಸಿದ್ದು ಬೇರೆ ಪ್ರಶ್ನೆ. ನೀನು ಕ್ಷಮಿಸಬೇಕು ಎಂದು ಬರೆಯುತ್ತಿಲ್ಲ. ನಿನಗೆ ಗೊತ್ತಿರಬೇಕು.

ಆದ್ದರಿಂದ ಮಗುವಿನ ವಿಷಯದಲ್ಲಿ ನಾನು ಮಾಡಿದ್ದನ್ನು ನೀನು ಮಾಡಬೇಡ ಎಂದಷ್ಟೇ ಕೇಳುತ್ತೇನೆ. ಹೆದರಿ ಹೆದರಿ ಪರೀಕ್ಷೆಯನ್ನು ಮುಂದೂಡಬೇಡ. ಅವಳಿಗೆ ಆರು ವರ್ಷ. ನಿನ್ನದು ಖಚಿತವಾದರೆ ಈ ವಯಸ್ಸಿನಲ್ಲಿ ನೋಡಿಸುವುದೇ ಸರಿ, ಬೇಗ ಅಲ್ಲ. ಮಕ್ಕಳ ಅಳತೆ ಬೇರೆ ಎಂಬುದು ನೆನಪಿರಲಿ, ಎಲ್‌ಡಿಎಲ್ 110ರೊಳಗಿದ್ದರೆ ಒಳ್ಳೆಯದು, 130 ದಾಟಿದರೆ ಹೆಚ್ಚು. ವರದಿಯಲ್ಲಿ ದೊಡ್ಡವರ ಮಿತಿಯೇ ಅಚ್ಚಾಗಿ ಬರಬಹುದು, ನನ್ನ ಹಾಗೆ ಅದನ್ನು ನೋಡಿ ಕಳೆಯಬೇಡ. ಒಂದು ವೇಳೆ ಶಿರವೇ ಬಿದ್ದಿದ್ದರೂ ಎಂಟು ಹತ್ತು ವರ್ಷದ ಹೊತ್ತಿಗೆ ಮಾತ್ರೆ ಶುರು ಮಾಡುವ ಪದ್ಧತಿ ಇದೆ. ಅಷ್ಟು ಮುಂಚೆ ತಿಳಿದವಳ ಮುಂದೆ ಏನಿರುತ್ತದೆ ಎಂಬುದನ್ನು ಅಣ್ಣನ ಬದುಕಿನಿಂದ ಅಳೆಯಬೇಡ. ಅವನಿಗೆ ತಿಳಿಯಲೇ ಇಲ್ಲ.

ನಿನ್ನದೇ ಇನ್ನೂ ಖಚಿತವಾಗಿಲ್ಲ ಎಂಬುದನ್ನೂ ಮರೆಯಬೇಡ. ಥೈರಾಯ್ಡ್ ಕುಗ್ಗಿದ್ದರೂ ಎಲ್‌ಡಿಎಲ್ ಹೀಗೆ ಏರುತ್ತದೆ. ಹೆರಿಗೆಯಾದ ಮೇಲೆ ನಿನಗೆ ಕೂದಲು ಉದುರುತ್ತಿತ್ತಲ್ಲ, ಆಗಲೇ ಟಿಎಸ್‌ಎಚ್ ಎಂಬ ಥೈರಾಯ್ಡ್ ಪರೀಕ್ಷೆ ಮಾಡಿಸು ಎಂದಿದ್ದೆ, ಮಾಡಿಸಿದೆಯೋ ಇಲ್ಲವೋ. ಈಗ ಅದನ್ನೂ ಸೇರಿಸಿ ಇನ್ನೊಮ್ಮೆ ರಕ್ತ ಕೊಡು. ಹಿಂದಿನ ರಾತ್ರಿಯ ಊಟದ ನಂತರ ಹತ್ತು ಹನ್ನೆರಡು ಗಂಟೆ ಏನೂ ತಿನ್ನದೆ ಹೋಗು, ನೀರು ಕುಡಿಯಬಹುದು. ಲೈಪೊಪ್ರೋಟೀನ್ ಎ ಎಂಬ ಇನ್ನೊಂದು ಪರೀಕ್ಷೆ ಇದೆ, ಅದೂ ವಂಶದಿಂದ ಬರುವುದೇ, ಜೀವಮಾನದಲ್ಲಿ ಒಂದು ಸಲ ಮಾಡಿಸಿದರೆ ಸಾಕು ಎನ್ನುತ್ತಾರೆ. ವೈದ್ಯರನ್ನು ಕೇಳಿ ನೋಡು.

ಇದನ್ನು ಬರೆಯಲು ಸ್ವಲ್ಪ ಸಂಕೋಚ, ಆದರೂ. ಎರಡನೆಯ ಮಗುವಿನ ಯೋಚನೆ ಇದ್ದರೆ ಮಾತ್ರೆ ಬರೆಯುವ ಮುಂಚೆಯೇ ವೈದ್ಯರಿಗೆ ಹೇಳು. ಬಸುರಿನಲ್ಲಿ ಸಾಮಾನ್ಯವಾಗಿ ಸ್ಟ್ಯಾಟಿನ್ ನಿಲ್ಲಿಸುತ್ತಾರೆ. ಮಾತ್ರೆ ಶುರುವಾದ ಮೇಲೆ ಮೈಕೈ ನೋವು ಬಂದರೆ ನೀನೇ ನಿಲ್ಲಿಸಬೇಡ, ಹೋಗಿ ಹೇಳು. ಒಂದೆರಡು ತಿಂಗಳಿಗೆ ಮತ್ತೆ ಪರೀಕ್ಷೆ ಮಾಡುತ್ತಾರೆ, ಸಂಖ್ಯೆ ಇಳಿದಿರುತ್ತದೆ. ವಾಸಿಯಾಯಿತು ಎಂದು ಆಗ ಬಿಟ್ಟರೆ ಮತ್ತೆ ಏರುತ್ತದೆ. ನಮ್ಮ ಬೀದಿಯಲ್ಲೇ ಇಬ್ಬರು ಹೀಗೆ ಬಿಟ್ಟಿದ್ದಾರೆ. ಬೆಳ್ಳುಳ್ಳಿ ನುಂಗು, ಬೂದುಗುಂಬಳದ ರಸ ಕುಡಿ ಎಂದು ಹೇಳುವವರು ನಿನಗೂ ಸಿಗುತ್ತಾರೆ. ಬೇಕಾದರೆ ಕುಡಿ, ಮಾತ್ರೆಯ ಬದಲಿಗೆ ಮಾತ್ರ ಕುಡಿಯಬೇಡ.

ತಮ್ಮನಿಗೆ ನೀನು ಹೇಳುವುದು ಬೇಡ, ನಿನ್ನ ಮಾತಿಗೆ ಅವನು ನಗುತ್ತಾನೆ. ನಾನು ಹೇಳುತ್ತೇನೆ. ಈ ಸಲ ಮುಂದೂಡುವುದಿಲ್ಲ, ಇಂದು ಸಂಜೆಯೇ ಫೋನ್ ಮಾಡುತ್ತೇನೆ. ಅವನೂ ಅಣ್ಣನ ಹಾಗೆಯೇ ತೆಳ್ಳಗಿದ್ದಾನೆ.

ಇಲ್ಲಿ ಕೆಆರ್‌ಎಸ್ ರಸ್ತೆಯ ಜಯದೇವ ಹೃದ್ರೋಗ ಆಸ್ಪತ್ರೆಗೆ ಬರುವುದಾದರೆ ಹಿಂದಿನ ದಿನವೇ ರೈಲಿನಲ್ಲಿ ಬಂದು ನನ್ನ ಮನೆಯಲ್ಲಿ ಉಳಿ. ಬೆಳಿಗ್ಗೆ ಬೇಗ ಹೋಗಬೇಕು. ಮಗುವನ್ನೂ ಕರೆದುಕೊಂಡು ಬಾ. ಸೂಜಿ ಚುಚ್ಚುವಾಗ ಅವಳನ್ನು ನಾನು ಹಿಡಿದುಕೊಳ್ಳುತ್ತೇನೆ. ನೀನು ಹೊರಗೆ ನಿಂತಿರಬಹುದು, ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಅಣ್ಣನ 1997ರ ವರದಿಯನ್ನು ಈ ಲಕೋಟೆಯಲ್ಲೇ ಇಟ್ಟಿದ್ದೇನೆ. ಅವನು ಹೋದ ಮೇಲೆ ವಿಮೆಯ ಕಾಗದಗಳ ನಡುವೆ ಸಿಕ್ಕಿತ್ತು, ಇಷ್ಟು ವರ್ಷ ನನ್ನ ಬೀರುವಿನಲ್ಲಿತ್ತು. ನಿನ್ನ ವೈದ್ಯರಿಗೆ ತೋರಿಸು, ಅವರಿಗೆ ಇದು ಬೇಕಾಗುತ್ತದೆ. ಮಡಿಕೆಯ ಹತ್ತಿರ ಹರಿಯುವಂತಿದೆ, ಮೆಲ್ಲಗೆ ಬಿಚ್ಚು. ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿರುವ 46 ನನ್ನ ಕೈಬರಹ.

ನಿನ್ನ
ಅತ್ತೆ